ಪೆಟ್ರೋಲ್ ಬಂಕಿನಲ್ಲಿ ಉಳಿದ ಸೋದರತ್ತೆ

ದೇಶದ ತೆರಿಗೆ ನೀತಿಯ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯಗಳಿವೆ. ಚನ್ನಗಿರಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಜಿಎಸ್‌ಟಿ ಕಟ್ಟುವವನು ನಾನು, ಆದ್ದರಿಂದ ಮಾತಾಡುವ ಹಕ್ಕೂ ನನ್ನದೇ ಎಂದು ನಂಬಿದ್ದೆ. ನನ್ನ ಹೆಂಡತಿ ಸುಮಾಳ ತಮ್ಮ ರುದ್ರೇಶನಿಗೂ ಅಷ್ಟೇ ಖಚಿತವಾದ ಅಭಿಪ್ರಾಯಗಳಿವೆ. ಅವನದು ಎದುರು ಪಕ್ಷ.

ಮದುವೆಯಾಗಿ ಒಂಬತ್ತು ವರ್ಷದ ಮೇಲೆ ರುದ್ರೇಶನಿಗೆ ಹೆಣ್ಣುಮಗು ಹುಟ್ಟಿತು. ನಾಮಕರಣ ಬಿಳಿಚೋಡಿನಲ್ಲಿ, ಅವನ ಹೆಂಡತಿಯ ತವರಿನಲ್ಲಿ. ಹೆಸರು ಆರಿಸಿ ಮಗುವಿನ ಕಿವಿಯಲ್ಲಿ ಹೇಳಬೇಕಾದವಳು ಸೋದರತ್ತೆ, ಅಂದರೆ ಸುಮಾ. ಈ ಮಗುವಿಗಾಗಿ ಅವಳು ಅಷ್ಟೂ ವರ್ಷ ಸೋಮವಾರ ಒಪ್ಪತ್ತು ಮಾಡಿದ್ದಳು. ಅಂದು ಬೆಳಿಗ್ಗೆ ರುದ್ರೇಶನೇ ಕಾರು ತಂದು ನಮ್ಮಿಬ್ಬರನ್ನೂ ಹತ್ತಿಸಿಕೊಂಡ.

ಸಂತೇಬೆನ್ನೂರು ದಾಟುವವರೆಗೆ ಮಗುವಿನ ಮೂಗು ಯಾರ ಹಾಗಿದೆ ಎಂಬ ಮಾತು. ದಾವಣಗೆರೆ ಕಳೆದು ಪೆಟ್ರೋಲ್ ಹಾಕಿಸಲು ನಿಂತೆವು. ಸುಮಾ ಫೋನನ್ನು ಸೀಟಿನ ಮೇಲಿಟ್ಟು, ಕೈಚೀಲ ಹಿಡಿದು, "ಈಗ ಬಂದೆ" ಎಂದು ಬಂಕಿನ ಹಿಂದಿದ್ದ ಶೌಚಾಲಯಕ್ಕೆ ಹೋದಳು.

"ಈ ರೇಟಿನಾಗೆ ತೆರಿಗೆನೇ ಎಷ್ಟೈತೆ ನೋಡಿದ್ರಾ ಭಾವ? ಹಾಕಿದೋರ್ಯಾರು? ನಿಮ್ಮೋರು," ಎಂದ ರುದ್ರೇಶ.

"ರಾಜ್ಯದ ಪಾಲೇನು ಕಮ್ಮಿನಾ? ಅದನ್ನ ತಗೊಂಡು ನಿಮ್ಮೋರು ಹೆಂಗಸರಿಗೆ ಬಸ್ಸು ಫ್ರೀ ಬಿಟ್ಟಾರೆ. ಹಿಂಗೆ ಹಂಚ್ತಾ ಹೋದ್ರೆ ರಸ್ತೆ ಮಾಡಾಕೆ ದುಡ್ಡು ಎಲ್ಲೈತೆ?"

"ದೊಡ್ಡ ಕಂಪ್ನಿ ಸಾಲ ಬಿಟ್ಟಾಗ ಈ ಪ್ರಶ್ನೆ ಯಾಕೆ ಕೇಳ್ಲಿಲ್ಲ ನೀವು?" ಎನ್ನುತ್ತ ಅವನು ಸಿಟ್ಟಿನಿಂದ ಗೇರು ಹಾಕಿದ. ಕಾರು ಹೊರಟಿತು.

ಸ್ವಲ್ಪ ದೂರ ಹೋದ ಮೇಲೆ ನಾನು ಸುಮಾಳ ಬೆಂಬಲ ಕೋರಿದೆ. "ನೀನೇ ಹೇಳು, ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಇರ್ತೈತಾ?"

ಹಿಂದಿನ ಸೀಟು ಸುಮ್ಮನಿತ್ತು.

"ನೋಡು, ನಿಮ್ಮಕ್ಕನೇ ಒಪ್ಪಿದಳು."

"ಒಪ್ಪಿಲ್ಲ. ಅಕ್ಕಂಗೆ ನಿಮ್ಮ ಮೇಲೆ ಸಿಟ್ಟು ಬಂದೈತೆ."

ಆ ಮೌನ ಯಾವ ಪಕ್ಷದ್ದೆಂದು ಇನ್ನೂ ನಾಲ್ಕು ಊರು ಜಗಳವಾಡಿದೆವು. ನಡುವೆ ಯಾವುದೋ ಗೊತ್ತಿಲ್ಲದ ನಂಬರಿನಿಂದ ನನಗೆ ಮೂರು ಸಲ ಫೋನು ಬಂತು. ಗಂಭೀರ ಚರ್ಚೆಗೆ ಅಡ್ಡಿಯೆಂದು ಮೂರು ಸಲವೂ ಕತ್ತರಿಸಿದೆ.

ಬಿಳಿಚೋಡು ಹತ್ತಿರವಾದಾಗ ಸುಮಾಳ ಫೋನು ಬಡಿದುಕೊಂಡಿತು. "ಎತ್ತೇ ಮಾರಾಯ್ತಿ" ಎಂದು ತಿರುಗಿದೆ. ಸೀಟಿನ ಮೇಲೆ ಫೋನು, ಪಕ್ಕದಲ್ಲಿ ಅವಳೇ ಹೊಲಿದ ಪುಟ್ಟ ಕುಲಾವಿ. ಅಷ್ಟೆ.

ರುದ್ರೇಶ ಕಾರು ತಿರುಗಿಸಿದ. ಎದುರಿಗೆ ಬಂದ ಸರ್ಕಾರಿ ಬಸ್ಸಿಗೆ ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಬಂಕಿನಲ್ಲಿ ಪೆಟ್ರೋಲ್ ಹಾಕಿದ್ದ ಹೆಂಗಸು ನಮ್ಮನ್ನು ಮೇಲಿಂದ ಕೆಳಗೆ ನೋಡಿದಳು.

"ಅಕ್ಕಾರು ನನ್ನ ಫೋನಿಂದ ಮೂರು ಸಲ ಮಾಡಿದ್ರು. ನೀವು ಕಟ್ ಮಾಡಿದ್ರಂತೆ. ಕೈಯಾಗೆ ದುಡ್ಡಿರಲಿಲ್ಲ, ಆಧಾರ್ ಕಾರ್ಡಿತ್ತು. ಬಸ್ಸಿಗೆ ಹೋದ್ರು."

ನಾವು ದಾರಿ ಬಿಟ್ಟದ್ದು ಅದೇ ಬಸ್ಸಿಗೆ.

ಬಿಳಿಚೋಡು ಮುಟ್ಟುವ ಹೊತ್ತಿಗೆ ಮುಹೂರ್ತ ಮೀರುತ್ತದೆಂದು ನಾಮಕರಣ ಮುಗಿಸಿದ್ದರು. ತನ್ನ ಮಗಳ ಹೆಸರೇ ಗೊತ್ತಿಲ್ಲದ ತಂದೆಯಾಗಿ ರುದ್ರೇಶ ಬಾಗಿಲಲ್ಲಿ ನಿಂತ. ಸುಮಾ ಮಗುವನ್ನು ತಂದು ಅವನ ಕೈಗಿಟ್ಟಳು.

"ಗೌರಿ ಅಂತ ಇಟ್ಟೀನಿ. ಕಿವಿಯಾಗೆ ನೀನೂ ಒಂದ್ಸಲ ಹೇಳು."

ಅವನು ಹೇಳಿದ. ಮಗು ಆಕಳಿಸಿತು.

ದಾರಿಯುದ್ದಕ್ಕೂ ಕ್ಷಮೆಯ ಭಾಷಣವೊಂದನ್ನು ಸಿದ್ಧಪಡಿಸಿದ್ದ ನಾನು ಅವಳ ಫೋನನ್ನೂ ಕುಲಾವಿಯನ್ನೂ ಮುಂದೆ ಹಿಡಿದೆ. ಸುಮಾ ನನ್ನ ಮುಖ ನೋಡಿದಳು. "ಕೈ ತೊಳ್ಕೊಳ್ರಿ. ನಿಮ್ಮಿಬ್ಬರ ಪಾಲಿಂದು ಹೋಳಿಗೆ ತೆಗೆದಿಟ್ಟೀನಿ," ಎಂದಳು. ಬೈದಿದ್ದರೆ ಊಟ ಸರಾಗವಾಗಿ ಇಳಿಯುತ್ತಿತ್ತು.

ಸಂಜೆ ರುದ್ರೇಶ ಮಗಳ ಬಳಿ ಉಳಿದ. ನಾವು ಬಸ್ಸು ಹತ್ತಿದೆವು. ಸುಮಾಳಿಗೆ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದುಕೊಟ್ಟು ನನ್ನ ಕಡೆ ತಿರುಗಿದ. ಜೇಬು ಮುಟ್ಟಿ ನೋಡಿದೆ. ಪರ್ಸೂ ಇಲ್ಲ, ಫೋನೂ ಇಲ್ಲ. ಎರಡೂ ರುದ್ರೇಶನ ಕಾರಿನಲ್ಲಿದ್ದವು.

ಸುಮಾ ಉಡಿ ತುಂಬಿದಾಗ ಬಂದಿದ್ದ ಕುಂಕುಮ ಹತ್ತಿದ ನೂರರ ನೋಟು ಬಿಡಿಸಿದಳು.

"ಇವರದ್ದೊಂದು ಕೊಡ್ರಿ," ಎಂದಳು ಕಂಡಕ್ಟರಿಗೆ. "ನನ್ನ ಜೊತೆಗೇ ಅದಾರೆ."