ಆಧಾರಕ್ಕೆಂದು ಅತ್ತೆಯನ್ನು ಕರೆದೊಯ್ದದ್ದು

ಆ ಬೆಳಗ್ಗೆ ನಮ್ಮ ಮನೆಯಲ್ಲಿ ಎಲ್ಲವೂ ಎಂದಿನಂತೆಯೇ ನಡೆಯಿತು. ಅಂದರೆ, ಹಾಲು ಉಕ್ಕಿತು. ಉಕ್ಕುವ ಹಾಲಿನ ಎದುರಿಗೇ ನನ್ನ ಓರಗಿತ್ತಿ ಕೈಯಲ್ಲಿ ಹಾಳೆ ಹಿಡಿದು ನಿಂತಿದ್ದಳು.

"ಒಲೆ ಆರಿಸಬಾರದೇನೇ?" ಎಂದು ನಾನು ಹಿತ್ತಿಲಿನಿಂದ ಓಡಿಬಂದೆ.

ಅವಳು ತಲೆಯೆತ್ತಿ ನೋಡಿದಳು. "ಅಕ್ಕಾ, ನಾನು ನಿಂತಿದ್ದೆ ಅನ್ನೋದು ನಿಜ. ಹಾಲು ಉಕ್ಕಿತು ಅನ್ನೋದೂ ನಿಜ. ಆದ್ರೆ ನಾನು ನಿಂತಿದ್ದಕ್ಕೇ ಉಕ್ಕಿತು ಅನ್ನೋಕೆ ಆಧಾರ ಏನಿದೆ?"

ಇಂಥವಳಿಗೆ ಏನು ಹೇಳುತ್ತೀರಿ? ನಾನು ಮಸಿಬಟ್ಟೆ ತೆಗೆದುಕೊಂಡು ಒಲೆ ಒರೆಸಿದೆ.

ನನ್ನ ಓರಗಿತ್ತಿಯಷ್ಟು ಅಪನಂಬಿಕೆಯ ಹೆಂಗಸು ಇಡೀ ಕೋಲಾರ ಜಿಲ್ಲೆಯಲ್ಲೇ ಇಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಹೇಳಿದರೆ ಅದಕ್ಕೂ ಆಧಾರ ಕೇಳುತ್ತಾಳೆ! ಹುಟ್ಟುವಾಗಲೇ ಹೀಗಿದ್ದಳೆಂದು ತಿಳಿಯಬೇಡಿ. ನನ್ನ ಮೈದುನನ ಕೈ ಹಿಡಿದು ಚಿನ್ನದ ಗಣಿಯ ಊರಾದ ಕೋರಮಂಡಲಿನ ಈ ಮನೆಗೆ ಬಂದಾಗ ಅವಳು ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮಾಡಿದ್ದ ಸಾಧು ಹುಡುಗಿ. ಅರಿಶಿನಕ್ಕೆ ಬಣ್ಣ ಬೆರೆಸಿದ್ದಾರೆಯೇ ಎಂದು ಲೋಟದ ನೀರಿನಲ್ಲಿ ಪರೀಕ್ಷೆ ಮಾಡುವುದು ಬಿಟ್ಟರೆ ಅವಳಿಂದ ಯಾರಿಗೂ ತೊಂದರೆಯಿರಲಿಲ್ಲ. ಮಗಳು ಡಿಗ್ರಿ ಕಾಲೇಜಿಗೆ ಸೇರಿದ ವರ್ಷ, ತಾನೂ ಓದುತ್ತೇನೆಂದಳು. ಹೊಲಿಗೆಯೋ ಕಂಪ್ಯೂಟರ್ರೋ ಇರಬೇಕು ಎಂದುಕೊಂಡೆವು. ಎಂ.ಎ. ಅಂತೆ. ಅದೂ ಇತಿಹಾಸವಂತೆ!

ನನ್ನ ಗಂಡ, ಮೈದುನ, ಅಣ್ಣತಮ್ಮಂದಿರಿಬ್ಬರೂ ರಾಬರ್ಟ್‌ಸನ್‌ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡವರು. ನನ್ನ ಮೈದುನ ಊಟದ ತಟ್ಟೆ ಮುಂದೆಯೇ ಕೇಳಿದ: "ರಾಜ್ರುಗಳೆಲ್ಲಾ ಸತ್ತೋಗಿ ಎಷ್ಟು ಕಾಲ ಆಯ್ತು. ಈಗ ಅವ್ರ ಬಗ್ಗೆ ಓದಿ ಏನ್ ಮಾಡ್ತೀಯಾ?"

"ನಿಮ್ಮಂಗ್ಡೀಲಿ ಆ ಹಿತ್ತಾಳೆ ಹಂಡೆ ಎಷ್ಟು ವರ್ಷದಿಂದ ಮಾರಾಟ ಆಗಿಲ್ಲ? ದಿನಾ ಒರೆಸಿ ಒರೆಸಿ ಇಡ್ತೀರಲ್ಲ, ಯಾಕೆ?"

ಮೈದುನ ಸಾರು ಕಲಸಿಕೊಂಡ. ಅವಳು ಅರ್ಜಿ ಹಾಕಿಬಂದಳು.

ಅಂದಿನಿಂದ ದಿನಾ ಬೆಳಗ್ಗೆ ಮಾರಿಕುಪ್ಪಂ ಕಡೆಯಿಂದ ಬರುವ ರೈಲು ಹತ್ತಿ, ಬಂಗಾರಪೇಟೆಯಲ್ಲಿ ಇಳಿದು, ಬಸ್ಸು ಹಿಡಿದು ಯೂನಿವರ್ಸಿಟಿಯ ಸೆಂಟರಿಗೆ ಹೋಗತೊಡಗಿದಳು. ಪಕ್ಕದ ಬೆಂಚಿನಲ್ಲಿ ಮಗಳ ವಯಸ್ಸಿನ ಹುಡುಗಿಯರು. "ಮೇಡಂ" ಎಂದು ಎದ್ದು ನಿಂತರಂತೆ ಮೊದಲ ದಿನ! "ಕೆಮಿಸ್ಟ್ರೀಲಿ ಬಣ್ಣ ಬದಲಾದ್ರೆ ಉತ್ತರ ಸಿಕ್ತು ಅಂತ ಅರ್ಥ ಅಕ್ಕಾ. ಇಲ್ಲಿ ಬಣ್ಣ ಬದಲಾದ್ರೆ ಪ್ರಶ್ನೆ ಶುರು ಅಂತ" ಎಂದು ನನಗೆ ತಿಳಿಸಿ ಹೇಳಿದಳು. ನಾನು ಕಾನ್ವೆಂಟಿನಲ್ಲಿ ಓದಿದವಳು. ಇತಿಹಾಸದ ಸಿಸ್ಟರ್ ಬೋರ್ಡಿನ ಮೇಲೆ ಏನು ಬರೆದರೋ ಅದನ್ನು ಅಡಿಗೆರೆ ಸಮೇತ ಬರೆದುಕೊಂಡು ಪಾಸಾದವಳು. ಅದನ್ನು ಅನುಮಾನಿಸಬಹುದು ಎಂಬುದೇ ನನಗೆ ಹೊಸ ಸುದ್ದಿ.

ಹೊಸ ಸುದ್ದಿಯ ಪೆಟ್ಟು ಮೊದಲು ಬಿದ್ದದ್ದು ನಮ್ಮ ದೊಡ್ಡಮಾವನ ಮೇಲೆ. ನನ್ನ ತವರು ಬಂಗಾರಪೇಟೆ. ಅಲ್ಲಿ ಒಂದು ನಾಮಕರಣದ ಪಂಕ್ತಿಯಲ್ಲಿ ದೊಡ್ಡಮಾವ, "ನಮ್ದು ಸಾಮಾನ್ಯದ ಮನೆತನ ಅಲ್ಲ. ಗಂಗರಸರ ಕುದುರೆಗೆ ಹುರುಳಿ ಕೊಡ್ತಿದ್ದೋರು ನಾವು" ಎಂದರು. ನಾವು ಚಿಕ್ಕಂದಿನಿಂದ ಕೇಳಿದ ಕಥೆ, ಎಲ್ಲರೂ ತಲೆಯಾಡಿಸಿದೆವು. ಇವಳು ಹೋಳಿಗೆ ಮುರಿಯುತ್ತಾ, "ಶಾಸನ ಎಲ್ಲಿದೆ ಮಾವ?" ಎಂದಳು.

"ಶಾಸನ ಯಾಕಮ್ಮಾ? ನಮ್ತಾತ ಹೇಳ್ತಿದ್ರು."

"ಅವರಿಗೆ ಯಾರು ಹೇಳಿದ್ರು? ಕುದುರೆಯಾ?"

ದೊಡ್ಡಮಾವ ಪಾಯಸ ಮುಟ್ಟದೆ ಎದ್ದುಹೋದರು. ಪಾಯಸ ವ್ಯರ್ಥವಾಗಲಿಲ್ಲ, ಅದನ್ನೂ ಇವಳೇ ಕುಡಿದಳು.

ಇನ್ನು ಬಂಗಾರಪೇಟೆಯ ಪಾನಿಪುರಿ. ನಮ್ಮೂರಿನ ಪಾನಿ ಎಲ್ಲ ಊರುಗಳ ಹಾಗೆ ಹಸಿರಲ್ಲ. ನೋಡಿದರೆ ಬರೀ ನೀರು, ಬಾಯಿಗಿಟ್ಟರೆ ಕಣ್ಣಲ್ಲಿ ನೀರು! ಇಷ್ಟು ಗೊತ್ತಿದ್ದರೆ ತಿನ್ನುವವರಿಗೆ ಸಾಲದೇ? ಇವಳು ಕಾಲೇಜಿನಿಂದ ಬರುವಾಗಲೆಲ್ಲ ಗಾಡಿಯವನ ಮುಂದೆ ನಿಂತು, "ಈ ಬಿಳೀ ನೀರು ಮೊದಲು ಮಾಡಿದ್ದು ಯಾರು? ಯಾವ ಬೀದೀಲಿ? ಆಧಾರ?" ಎಂದು ಶುರುಮಾಡುತ್ತಿದ್ದಳು. ಕೊನೆಗೊಂದು ದಿನ ಅವನು ಕೈಮುಗಿದು, "ಅಮ್ಮಾ, ನಿಮ್ಗೆ ಇನ್ನೆರಡು ಪುರಿ ಜಾಸ್ತಿ ಆಕ್ತೀನಿ, ಇಸ್ಟರಿ ಬಿಟ್ಬುಡಿ" ಎಂದನಂತೆ. ಅವಳು ಪುರಿಯನ್ನೂ ಬಿಡಲಿಲ್ಲ, ಇತಿಹಾಸವನ್ನೂ ಬಿಡಲಿಲ್ಲ.

ಹೀಗೆ ಊರಿನವರನ್ನೆಲ್ಲ ಆಧಾರ ಕೇಳಿದವಳನ್ನೇ ಆಧಾರ ಕೇಳುವ ಕಾಲ ಬರಬೇಕೇ ಬೇಡವೇ? ಬಂತು. ಎಂ.ಎ. ಕೊನೆಯಲ್ಲಿ ಒಂದು ಪ್ರಬಂಧ ಬರೆಯಬೇಕಿತ್ತು. ಜೊತೆಯ ಹುಡುಗಿಯರು ರಾಜರನ್ನೂ ದೇವಸ್ಥಾನಗಳನ್ನೂ ಹಂಚಿಕೊಂಡರು. ಇವಳು ಆರಿಸಿಕೊಂಡದ್ದು, ಗಣಿಯ ಹೆಂಗಸರು ಅನ್ನಕ್ಕಿಡುತ್ತಿದ್ದ ಹೊತ್ತು!

ನಮ್ಮ ಕಡೆ ಗಣಿಯ ಸೈರನ್ನಿಗೆ ಸಂಗು ಎನ್ನುತ್ತಿದ್ದರು. ಪಾಳಿ ಬದಲಾಗುವಾಗ ಸಂಗು ಊದುತ್ತಿತ್ತು. ಅದನ್ನು ಕೇಳಿಯೇ ಹೆಂಗಸರು ಎಸರಿಗಿಡುವುದು, ಮಕ್ಕಳನ್ನು ಎಬ್ಬಿಸುವುದು. ಗಣಿ ಮುಚ್ಚಿತು, ಸಂಗೂ ನಿಂತಿತು. ಅದಾದ ಮೇಲೆ ಮದುವೆಯಾಗಿ ಬಂದ ನಾವಿಬ್ಬರೂ ಅದನ್ನು ಕೇಳಿಯೇ ಇಲ್ಲ. ಆದರೆ ನಮ್ಮ ಅತ್ತೆ ಇವತ್ತಿಗೂ, ಗಣಿ ಕೆಲಸ ಮಾಡುತ್ತಿದ್ದ ಮಾವನವರು ತೀರಿಕೊಂಡ ಮೇಲೂ, ಬೆಳಗಿನ ಪಾಳಿ ಮಧ್ಯಾಹ್ನ ಬಿಡುತ್ತಿದ್ದ ಆ ಹೊತ್ತಿಗೇ ಕುಕ್ಕರ್ ಕೂಗಿಸುತ್ತಾರೆ. ಮುಂಚೆಯೂ ಇಲ್ಲ, ತಡವೂ ಇಲ್ಲ. ನನ್ನ ತವರಿನಲ್ಲಿ ಊಟ ಮುಗಿದು ತಟ್ಟೆ ತೊಳೆಯುವ ಹೊತ್ತಿಗೆ ಇಲ್ಲಿ ಅಕ್ಕಿ ತೊಳೆಯುತ್ತಾರೆ! ಹೊಸದರಲ್ಲಿ ನಾನು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಹಸಿವು ತಡೆದದ್ದುಂಟು. ಗಣಿಯ ಜೊತೆ ಸಂಗು ಸತ್ತಿಲ್ಲ, ಅದು ಅಡುಗೆಮನೆಗೆ ಬಂದು ಉಳಿದುಕೊಂಡಿದೆ ಎಂಬುದೇ ಇವಳ ಕೊನೆಯ ಅಧ್ಯಾಯ.

ಮಾರ್ಗದರ್ಶನ ಮಾಡುವ ಸರ್ ಅದನ್ನು ಓದಿ ಕನ್ನಡಕ ತೆಗೆದರಂತೆ. "ಭಾವನೆ ಚೆನ್ನಾಗಿದೆ. ಆಧಾರ ಎಲ್ಲಮ್ಮಾ?"

ಊರಿನ ಅಜ್ಜಿಯರನ್ನೆಲ್ಲ ಕೇಳಿ ಬಂದಳು. ಹಳೆಯ ಸಂಗಿನ ವಿಷಯ ರಾಶಿ ಹೇಳಿದರು. ಈಗ ಯಾವಾಗ ಅನ್ನಕ್ಕಿಡುತ್ತೀರಿ ಎಂದರೆ, "ಸೀರಿಯಲ್ ಮುಗುದ್ಮೇಲೆ" ಎಂದರು. ಇತ್ತ ನನ್ನ ಮೈದುನ, "ಈ ಸಲ ಆಗ್ಲಿಲ್ಲಾಂದ್ರೆ ಸಾಕು. ಅಂಗ್ಡೀಲಿ ಬಂದು ಕೂತ್ಕೋ" ಎಂದುಬಿಟ್ಟಿದ್ದ. ಅವಳೂ ಒಪ್ಪಿಕೊಂಡಿದ್ದಳು. ಹಾಗೆ ಒಪ್ಪಿಕೊಂಡ ರಾತ್ರಿ ಅವಳು ರೊಟ್ಟಿಗೆ ಎರಡು ಸಲ ಉಪ್ಪು ಹಾಕಿದ್ದನ್ನು ನಾನು ಯಾರಿಗೂ ಹೇಳಲಿಲ್ಲ.

ಹಾಲು ಉಕ್ಕಿದ ಆ ದಿನ ಪ್ರಬಂಧದ ಮೌಖಿಕ ಪರೀಕ್ಷೆ. ಇವಳ ತಲೆಗೆ ಹೊಳೆದ ಉಪಾಯವೆಂದರೆ, ಆಧಾರವನ್ನೇ ಕರೆದುಕೊಂಡು ಹೋಗುವುದು! ಅತ್ತೆ ಕೆಂಪಂಚಿನ ಸೀರೆಯುಟ್ಟು, ಓಲೆ ಒರೆಸಿ ಹಾಕಿಕೊಂಡು, ಕೈಚೀಲದಲ್ಲಿ ಚಿತ್ರಾನ್ನದ ಡಬ್ಬಿಯಿಟ್ಟುಕೊಂಡು ಸಿದ್ಧರಾದರು. ಅವರ ಕೈ ಹಿಡಿದುಕೊಳ್ಳಲು ನಾನು. ಮನೆಗೆ ಬೀಗ. ದಿನವೂ ಅಕ್ಕಿಗೆ ಕಾಯುತ್ತಾ ಒಲೆಯ ಪಕ್ಕ ಇರುತ್ತಿದ್ದ ಕುಕ್ಕರ್ ಅಂದು ಕಟ್ಟೆಯ ಮೇಲೆ ಬೋರಲಾಗಿ ಕುಳಿತಿತ್ತು.

"ಅತ್ತೆಗೆ ಏನು ಕೇಳ್ತಾರೆ ಅಂತ ಹೇಳಿದ್ದೀಯಾ?" ಎಂದು ರೈಲಿನಲ್ಲಿ ಪಿಸುಗುಟ್ಟಿದೆ.

"ಛೇ! ಹೇಳಿಕೊಟ್ಟ ಸಾಕ್ಷಿ ಸಾಕ್ಷಿನೇ ಅಲ್ಲ ಅಕ್ಕಾ."

ನೋಡಿ, ಇಲ್ಲೇ ಎಡವಟ್ಟಾದದ್ದು.

ಪರೀಕ್ಷೆಯ ಕೋಣೆಯಲ್ಲಿ ಉದ್ದ ಮೇಜು. ಅದರ ಹಿಂದೆ ಮೂವರು ದೊಡ್ಡ ಮನುಷ್ಯರು. ಮುಂದೆ ಫೈಲು. ಎದುರಿಗೆ ತಲೆ ತಗ್ಗಿಸಿ, ಕೈಕಟ್ಟಿ ನಿಂತ ನಮ್ಮ ಓರಗಿತ್ತಿ. ಬಾಗಿಲಲ್ಲಿ ನಿಂತ ಅತ್ತೆ ಇದನ್ನೆಲ್ಲ ಒಂದು ಸಲ ನೋಡಿದರು, ನನ್ನ ಕೈಯನ್ನು ಬಿಗಿಯಾಗಿ ಹಿಡಿದರು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ನಗುನಗುತ್ತಲೇ ಕೇಳಿದರು: "ಬನ್ನಿ ಅಜ್ಜಿ. ನಿಮ್ಮ ಮನೇಲಿ ಇಂಥಾ ಹೊತ್ತಿಗೇ ಅನ್ನಕ್ಕಿಡಬೇಕು ಅಂತ ಕಟ್ಟುನಿಟ್ಟು ಉಂಟಂತೆ, ಹೌದಾ? ನಿಮ್ಮ ಸೊಸೆ ಬರೆದುಕೊಟ್ಟಿದ್ದಾರೆ."

"ಅಯ್ಯೋ ಇಲ್ಲ ಸ್ವಾಮಿ!" ಅತ್ತೆ ಎರಡೂ ಕೈಯೆತ್ತಿಬಿಟ್ಟರು. "ಯಾರೇಳುದ್ದು? ನಮ್ಮನೇಲಿ ಅಂಥಾದ್ದೇನೂ ಇಲ್ಲ! ಸೊಸೇರು ಯಾವಾಗ ಬೇಕಾದ್ರೂ ಇಕ್ಲಿ, ನಾನು ತುಟಿ ಬಿಚ್ಚಲ್ಲ. ಇಕ್ದೇ ಓದ್ರೂ ಬೇಡ, ಬನ್ನು ತಿಂತೀನಿ!"

"ಒಂದು ದಿನವೂ ಹೊತ್ತು ನೋಡಿ ಇಡಲ್ವಾ?"

"ಒತ್ತಾ? ನಂಗೆ ಗಡಿಯಾರ ನೋಡಾಕೇ ಬರಾಕಿಲ್ಲ ಸ್ವಾಮಿ. ಚಿಕ್ಕೋಳು ಒಳ್ಳೇ ಉಡ್ಗಿ, ಏನೋ ಕ್ವಾಪದಲ್ಲಿ ಬರ್ದವ್ಳೆ, ಅದ್ನ ಅರ್ದಾಕ್ಬುಡಿ. ಮನೆ ವಿಸ್ಯ ಮನೇಲೇ ಸರಿಮಾಡ್ಕೋತೀವಿ."

ನಾನು ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡೆ. ಸೊಸೆ ಅತ್ತೆಯ ಮೇಲೆ ದೂರು ಕೊಟ್ಟಿದ್ದಾಳೆ, ವಿಚಾರಣೆಗೆ ಕರೆಸಿದ್ದಾರೆ ಎಂದುಕೊಂಡಿದ್ದಾರೆ ಪಾಪ!

ಪರೀಕ್ಷಕರು ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆಯುವ ಮೊದಲೇ ಓರಗಿತ್ತಿ, "ಅಕ್ಕನ್ನ ಕೇಳಬೇಡಿ ಸರ್. ನನ್ನ ಮೇಲಿನ ಪ್ರೀತಿಗೆ ಏನು ಬೇಕಾದ್ರೂ ಹೌದು ಅಂತಾರೆ" ಎಂದಳು. ಗೆಲ್ಲುವ ಮಾತನ್ನು ಹೀಗೆ ಕೈಯಾರೆ ಬಿಟ್ಟುಕೊಡುವವರನ್ನು ನೀವು ಬೇರೆಲ್ಲಾದರೂ ನೋಡಿದ್ದೀರಾ?

ಪರೀಕ್ಷಕರು ಒಳ್ಳೆಯವರು. ಉಳಿದ ಅಧ್ಯಾಯಗಳನ್ನು ಹೊಗಳಿದರು. ಕೊನೆಯದಕ್ಕೆ ಮಾತ್ರ ಒಂದು ತಿಂಗಳು ಗಡುವು ಕೊಟ್ಟರು. ಸಂಗಿನ ಹೊತ್ತು ಇನ್ನೂ ನಡೆಯುತ್ತಿದೆ ಎಂದು ಮನೆಯವರಲ್ಲದ ಒಬ್ಬರಾದರೂ ಹೇಳಬೇಕು. ಇಲ್ಲದಿದ್ದರೆ ಈ ಪ್ರಬಂಧ ಬಿಟ್ಟು ಮುಂದಿನ ವರ್ಷ ಹೊಸದು ಬರೆಯಬೇಕು. ಮುಂದಿನ ವರ್ಷವೆಂದರೆ ಪಾತ್ರೆ ಅಂಗಡಿ ಎಂದು ಅವರಿಗೇನು ಗೊತ್ತು?

ಬಂಗಾರಪೇಟೆಯಲ್ಲಿ ರೈಲಿಗೆ ಇನ್ನೂ ಹೊತ್ತಿತ್ತು. ಸಮಾಧಾನಕ್ಕೆಂದು ಪಾನಿಪುರಿ ಕೊಡಿಸಿದೆ. ಅವಳು ಗಾಡಿಯವನನ್ನು ಏನೂ ಕೇಳದೆ, ತಟ್ಟೆ ಖಾಲಿ ಮಾಡಿ ಕೊಟ್ಟಳು. ಅವನೇ ಗಾಬರಿಯಾಗಿ, "ಯಾಕಮ್ಮಾ, ಉಸಾರಿಲ್ವಾ?" ಎಂದ. ಆಗ ನನಗೂ ನಿಜಕ್ಕೂ ಭಯವಾಯಿತು.

ರೈಲು ಹೊರಟ ಮೇಲೆ ಅತ್ತೆಗೆ ಎಲ್ಲ ಬಿಡಿಸಿ ಹೇಳಿದೆ. ಬಿಚ್ಚಲು ಹೊರಟಿದ್ದ ಚಿತ್ರಾನ್ನದ ಡಬ್ಬಿಯನ್ನು ಅವರು ಹಾಗೆಯೇ ಹಿಡಿದುಕೊಂಡರು. ಕಿಟಕಿಯಾಚೆ, ಚಿನ್ನ ತೆಗೆದು ಸುರಿದ ಗಣಿಮಣ್ಣಿನ ಸೈನೈಡ್ ದಿಬ್ಬಗಳು ಸಂಜೆ ಬಿಸಿಲಿಗೆ ಬೆಲ್ಲದ ಬಣ್ಣಕ್ಕೆ ತಿರುಗುತ್ತಿದ್ದವು. ಅತ್ತೆ ಹೇಳಿದರು: "ಸಂಗು ಒತ್ತಿಗೆ ಸರ್ಯಾಗಿ ಊದುದ್ರೆ, ಕೆಳಗೋದೋರೆಲ್ಲಾ ಮೇಲಕ್ ಬತ್ತಾವ್ರೆ ಅಂತ. ಒತ್ತಲ್ಲದ ಒತ್ನಾಗೆ ಊದುದ್ರೆ ಒಲೆ ಅಂಗೇ ಬಿಟ್ಟು ಗಣಿ ಬಾಗ್ಲಿಗೆ ಓಡ್ಬೇಕು. ನಿಮ್ಮಾವ ದಿನಾ ಬಂದ್ರು ಕಣಮ್ಮಾ, ಒಂದಿನಾನೂ ತಪ್ಪುಸ್ಲಿಲ್ಲ. ಆಮೇಕೆ ಸಂಗೇ ನಿಂತೋಯ್ತು. ಎಲ್ರೂ ಸರ್ಯಾಗವ್ರೆ ಅಂತ ನಂಗೆ ಯಾರೇಳ್ಬೇಕು? ಅದ್ಕೇ ಕುಕ್ಕರ್ ಕೂಗುಸ್ಕೊಂಡೆ." ಆಮೇಲೆ, "ಇದ್ನ ಆ ಮೇಷ್ಟ್ರುಗಳ ಮುಂದೆ ಎಂಗೇಳ್ಲಿ? ನಗಲ್ವಾ?" ಎಂದರು.

ಸಿಕ್ಕಿದ್ದನ್ನೆಲ್ಲ ಬರೆದುಕೊಳ್ಳುವ ನನ್ನ ಓರಗಿತ್ತಿ ಪೆನ್ನು ತೆಗೆಯಲಿಲ್ಲ. ಅತ್ತೆಯ ಕೈಯಿಂದ ಡಬ್ಬಿ ತೆಗೆದುಕೊಂಡು, ಮುಚ್ಚಳ ಬಿಚ್ಚಿ, ಮೊದಲ ತುತ್ತನ್ನು ಅವರ ಬಾಯಿಗೇ ಇಟ್ಟಳು.

ಒಂದು ತಿಂಗಳಿದ್ದರೂ ಕೇಳಲು ಊರಿನಲ್ಲಿ ಇನ್ನು ಯಾವ ಅಜ್ಜಿಯೂ ಉಳಿದಿರಲಿಲ್ಲ. ಮನೆಗೆ ಬಂದು ದೀಪ ಹಚ್ಚುವ ಹೊತ್ತಿಗೆ ಅವಳು ನಡುಮನೆಯಲ್ಲಿ ಕುಳಿತು ಪುಸ್ತಕಗಳನ್ನು ಸೆಣಬಿನ ದಾರದಲ್ಲಿ ಕಟ್ಟುತ್ತಿದ್ದಳು. ಮೈದುನ ಅಂಗಡಿ ಬೇಗ ಮುಚ್ಚಿ, ಪಾಸಾದ ಖುಷಿಗೆಂದು ಮೈಸೂರು ಪಾಕು ತಂದಿದ್ದವನು, ಆ ದಾರ ನೋಡಿ ಪೊಟ್ಟಣವನ್ನು ಬೆನ್ನ ಹಿಂದೆ ಅಡಗಿಸಿಕೊಂಡು, "ಅಂಗ್ಡಿಗೇನು ಆತುರ ಇಲ್ಲ" ಎಂದು ಗೋಡೆಗೆ ಹೇಳಿದ.

ಅಷ್ಟರಲ್ಲಿ ಪಕ್ಕದ ಮನೆ ಸೆಲ್ವಿ ಬಂದಳು, ಬಟ್ಟಲು ಹಿಡಿದುಕೊಂಡು, ಹೆಪ್ಪಿಗೆ ಮೊಸರು ಕೇಳಲು. ಆಂಬೂರಿನ ಕಡೆಯಿಂದ ಮದುವೆಯಾಗಿ ಬಂದ ತಮಿಳಿನವಳು, ನಮ್ಮ ಅತ್ತೆಯನ್ನು ಅಜ್ಜಿ ಎಂಬರ್ಥದಲ್ಲಿ ಪಾಟಿ ಎನ್ನುತ್ತಾಳೆ. ಗಣಿ ಮುಚ್ಚಿದಾಗ ಇನ್ನೂ ತೊಟ್ಟಿಲಲ್ಲಿದ್ದಿರಬೇಕು.

"ಎಲ್ಲಕ್ಕಾ ಓಗಿದ್ರಿ ಎಲ್ರೂ? ನಿಮ್ಮಿಂದ ಇವತ್ತು ನಮ್ಮನೇಲಿ ಜಗಳ! ಮಗಳು ಸ್ಕೂಲಿಂದ ಬಂದು ಸಾದಂ ಎಲ್ಲಿ ಅಂತಾಳೆ, ನಾನಿನ್ನೂ ಅಕ್ಕೀನೇ ತೊಳ್ದಿಲ್ಲ."

"ಅದಕ್ಕೆ ನಾವೇನ್ ಮಾಡಿದ್ವೇ?" ಎಂದೆ.

"ಇನ್ನೇನಕ್ಕಾ? ನಿಮ್ಮನೆ ಕುಕ್ಕರ್ ಕೂಗಿದ್ರೆ ತಾನೇ ನಾನು ಅನ್ನಕ್ಕಿಡೋದು? ನಂದು ಕೂಗಿದ್ರೆ ಆಚೆ ಮನೆ ಮೇರಿಯಕ್ಕ ಇಡ್ತಾರೆ. ಅವ್ರಿಗೂ ಇವತ್ತು ಲೇಟು, ನಂಗೇ ಬೈದ್ರು."

ನಡುಮನೆಯಲ್ಲಿ ದಾರ ಎಳೆಯುವ ಸದ್ದು ನಿಂತಿತು. ಓರಗಿತ್ತಿ ಎದ್ದು ಬಂದಳು. ಅರ್ಧ ಕಟ್ಟಿದ್ದ ಪುಸ್ತಕಗಳು ಒಂದೊಂದಾಗಿ ಜಾರಿ ನೆಲಕ್ಕೆ ಬಿದ್ದವು.

"ಸೆಲ್ವಿ," ಎಂದಳು, "ನಿಂಗೆ ಗಡಿಯಾರ ಇಲ್ವಾ?"

"ಇದೆಕ್ಕಾ. ಅದನ್ನ ಯಾರು ನೋಡ್ತಾರೆ?" ಸೆಲ್ವಿ ನನ್ನ ಕೈಗೆ ಬಟ್ಟಲು ಕೊಟ್ಟು, ಮೂಲೆಯಲ್ಲಿ ಕುಳಿತಿದ್ದ ಅತ್ತೆಯ ಕಡೆ ತಿರುಗಿದಳು. "ಕೂಗ್ಲಿಲ್ವಲ್ಲ, ಏನಾಯ್ತೋ ಏನೋ ಅಂತ ಓಡಿಬಂದು ಬೀಗ ನೋಡ್ಕೊಂಡು ವಾಪಸ್ ಓಗ್ಬಿಟ್ಟೆ. ನಾಳೆನಾದ್ರೂ ಸರಿಯಾಗಿ ಕೂಗ್ಸಿ ಪಾಟೀ, ಬೀದಿ ಎಲ್ಲಾ ನಿಮ್ಮನ್ನೇ ನಂಬ್ಕೊಂಡೈತೆ."