ಇನ್ನೂರ ನಲವತ್ತು ಮುಖ್ಯ ಪುಟಗಳು

ಹುಲಗೇಶನಿಗೆ ಬುದ್ಧಿ ಕಡಿಮೆಯಿರಲಿಲ್ಲ, ಬರೆದದ್ದು ಸಿಗುತ್ತಿರಲಿಲ್ಲ, ಅಷ್ಟೆ. ಪ್ರಹ್ಲಾದ ಸರ್ ಪಾಠದ ನಡುವೆ ಕೆಮ್ಮಿದರೆ ಆ ಕೆಮ್ಮನ್ನೂ ಬರೆದುಕೊಳ್ಳುವಷ್ಟು ಶ್ರದ್ಧೆ ಅವನದು. ಏಳು ತಿಂಗಳಲ್ಲಿ ಐದು ನೋಟ್‌ಬುಕ್ ತುಂಬಿದ್ದವು. ಯಾವುದರಲ್ಲಿ ಏನಿದೆ ಎನ್ನುವುದು ಮಾತ್ರ ಬರೆದವನಿಗೂ ತಿಳಿಯದು.

ಅವನು ಕಲಿಯಲು ಬಂದಿದ್ದ ತೆಲುಗು ಸೀಮೆಯ ಅಮೀರ್‌ಪೇಟ್‌ನಲ್ಲಿ ಆಗ ಚಹಾದಂಗಡಿಗಿಂತ ಸಾಫ್ಟ್‌ವೇರ್ ಕಲಿಸುವ ಬೋರ್ಡುಗಳೇ ಹೆಚ್ಚು. ಅಂಥದೊಂದು ಬೋರ್ಡಿನ ಕೆಳಗೆ ಪ್ರಹ್ಲಾದ ಸರ್ ಟೆಸ್ಟಿಂಗ್ ಕಲಿಸುತ್ತಿದ್ದರು. ಅಂದರೆ ಬೇರೆಯವರು ಬರೆದ ಪ್ರೋಗ್ರಾಂನಲ್ಲಿ ತಪ್ಪು ಹುಡುಕುವ ವಿದ್ಯೆ. ತಿಂಗಳಿಗೊಮ್ಮೆ ಬೇಗಂಪೇಟೆಯ ಕಂಪನಿಯೊಂದಕ್ಕೆ ನೌಕರಿಗೆಂದು ಒಬ್ಬನೇ ಒಬ್ಬನ ಹೆಸರು ಕಳಿಸುತ್ತಿದ್ದರು. ಅದಕ್ಕೊಂದು ಪರೀಕ್ಷೆ: ಒಬ್ಬೊಬ್ಬರಿಗೂ ಒಂದು ಪ್ರಶ್ನೆ. ನೋಟ್ಸ್ ನೋಡಬಹುದು, ಆದರೆ ಒಂದೇ ನಿಮಿಷದಲ್ಲಿ ಉತ್ತರ ಹೇಳಬೇಕು.

ಹುಲಗೇಶ ಎರಡು ಸಲ ಈ ನಿಮಿಷದಲ್ಲೇ ಮುಗ್ಗರಿಸಿದ್ದ. "ನೀಲಿ ನೋಟ್‌ಬುಕ್‌ನ್ಯಾಗ ಐತ್ರಿ ಸರ್, ಎಡಗಡಿ ಪುಟ, ಚಹಾದ ಕಲಿ ಬಾಜೂಕ" ಎಂದು ಪುಟ ತಿರುವುತ್ತಿರುವಾಗಲೇ ಹೊತ್ತು ಮುಗಿಯುತ್ತಿತ್ತು. ಮೂರನೆಯ ಪರೀಕ್ಷೆ ಇವತ್ತು ಸಂಜೆ ಐದಕ್ಕೆ. ಈ ಸಲವೂ ಆಗದಿದ್ದರೆ ಊರಿಗೆ ಬಂದು ಮಾವನ ಸಿಮೆಂಟ್ ಅಂಗಡಿಯಲ್ಲಿ ಕೂಡಬೇಕೆಂದು ಅಪ್ಪ ಫೋನಿನಲ್ಲಿ ಹೇಳಿಯಾಗಿತ್ತು.

ಮುಂಜಾನೆ ಎಂಟಕ್ಕೆ ರೂಮಿನ ಜೊತೆಗಾರ ಆನಂದಕುಮಾರ ಹಾಸಿಗೆಯಲ್ಲಿ ಮಲಗಿಕೊಂಡೇ ಪರಿಹಾರ ಹೇಳಿದ.

"ಯಾವ ಕಾಲದಾಗ ಅದೀಯೋ ಮಾರಾಯ? ನೋಟ್ಸ್ ಇಡಾಕ ಈಗ ಸಾಫ್ಟ್‌ವೇರ್ ಬಂದೈತಿ. ಪುಟದ ಫೋಟೋ ಹೊಡಿ, ಒಳಗ ಹಾಕು, ಮ್ಯಾಲೊಂದು ಚೀಟಿ ಅಂಟಿಸು. ಆ ಚೀಟಿಗೆ ಟ್ಯಾಗ್ ಅಂತಾರ. ಟ್ಯಾಗ್ ಒತ್ತಿದ್ರ ಪುಟ ಎದ್ದು ಬಂದು ನಿಂದ್ರತೈತಿ."

ಹುಲಗೇಶನ ಕಣ್ಣು ಹೊಳೆಯಿತು. ಸ್ನಾನ ಬಿಟ್ಟ, ಚಹಾ ಬಿಟ್ಟ. ಹತ್ತೂವರೆಯೊಳಗೆ ಇನ್ನೂರ ನಲವತ್ತು ಪುಟಗಳ ಫೋಟೋ ತೆಗೆದು ಹಳೆಯ ಲ್ಯಾಪ್‌ಟಾಪಿಗೆ ತುಂಬಿದ. ಬಗ್ಗಿ ಬಗ್ಗಿ ಸೊಂಟ ಹಿಡಿದಿತ್ತು, ಮನಸ್ಸು ಮಾತ್ರ ಬೇಗಂಪೇಟೆಯಲ್ಲಿ ಕುರ್ಚಿ ಹುಡುಕುತ್ತಿತ್ತು.

"ತಾರೀಖಿನ ಪ್ರಕಾರ ಜೋಡಸು," ಎಂದ ಆನಂದಕುಮಾರ. ಹುಲಗೇಶ ಒಂದು ತಾಸು ಕೂತು ತಾರೀಖಿನ ಟ್ಯಾಗ್ ಹಚ್ಚಿದ.

ಅಷ್ಟರಲ್ಲಿ ಪಕ್ಕದ ರೂಮಿನ ಚಂದ್ರಾಮ ಬಾಗಿಲಲ್ಲಿ ಇಣುಕಿದ. ಅವನೂ ಇದೇ ಕ್ಲಾಸಿನವನು. ಪುಸ್ತಕ ಮುಟ್ಟಿದ್ದನ್ನು ಯಾರೂ ನೋಡಿರಲಿಲ್ಲ, ಪೆನ್ನು ಬೇಕಾದಾಗಲೂ ಹುಲಗೇಶನದೇ ಕೇಳುತ್ತಿದ್ದ.

"ತಾರೀಖು ತಗೊಂಡು ಏನ್ ಮಾಡ್ತೀಲೇ? ಸರ್ ಏನು ತಾರೀಖು ಕೇಳ್ತಾರೇನು? ವಿಷಯದ ಪ್ರಕಾರ ಹಚ್ಚು," ಎಂದು ಹೇಳಿ ಹಲ್ಲುಜ್ಜಲು ಹೋದ.

ಅದೂ ಖರೆ ಅನ್ನಿಸಿತು. ಹುಲಗೇಶ ತಾರೀಖು ಕಿತ್ತು ವಿಷಯ ಹಚ್ಚತೊಡಗಿದ. ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದ. ಓದಲು ಶುರು ಮಾಡಬೇಕೆಂದು ಹನ್ನೊಂದೂವರೆಗೂ ಅಂದುಕೊಂಡ, ಹನ್ನೆರಡಕ್ಕೂ ಅಂದುಕೊಂಡ.

ಆಗ ಗುರುಬಾಯಿ ಒಳಗೆ ಬಂದರು. ಅಫಜಲಪುರದ ಕಡೆಯಿಂದ ಬಂದು, ಹಾಸ್ಟೆಲಿನ ಹುಡುಗರಿಗೆಲ್ಲ ಜೋಳದ ರೊಟ್ಟಿ ಬಡಿದು ಹಾಕುತ್ತಿದ್ದ ಹೆಂಗಸು. ಮಧ್ಯಾಹ್ನದ ಊಟವನ್ನು ಪೊಟ್ಟಣ ಕಟ್ಟಿ ರೂಮಿಗೇ ಮುಟ್ಟಿಸುತ್ತಿದ್ದರು. ಸೊಂಟದ ಮೇಲೆ ಕೈಯಿಟ್ಟು ಲ್ಯಾಪ್‌ಟಾಪನ್ನೂ ನೆಲದಲ್ಲಿ ಬಿದ್ದಿದ್ದ ನೋಟ್‌ಬುಕ್‌ಗಳನ್ನೂ ನೋಡಿದರು.

"ಏನೋ ಇದು, ಮುಂಜಾನಿಂದ ಹೊಯ್ದಾಡಾಕತ್ತೀದಿ?"

"ನೋಟ್ಸ್ ಜೋಡಸಾಕತ್ತೀನ್ರಿ ಅವ್ವಾ."

"ಜೋಡಸೂದು ನನ್ನ ಕೇಳು. ಮಸಾಲಿ ಡಬ್ಬಿಯೊಳಗ ಉಪ್ಪು ಖಾರ ಮುಂದ ಇರ್ತಾವು, ಜಾಯಿಕಾಯಿ ಹಿಂದ. ಮುಖ್ಯ ಇದ್ದದ್ದು ಮುಂದ ಇಡಬೇಕಪಾ."

ಹುಲಗೇಶನಿಗೆ ಜ್ಞಾನೋದಯವಾಯಿತು. ವಿಷಯಗಳನ್ನೂ ಕಿತ್ತುಹಾಕಿ 'ಮುಖ್ಯ' ಎಂಬ ಹೊಸ ಟ್ಯಾಗ್ ಮಾಡಿದ.

"ಮತ್ತ ಈ ಕಾಗದ?" ಗುರುಬಾಯಿ ಕಾಲಿನಿಂದ ಒಂದು ನೋಟ್‌ಬುಕ್ ಸರಿಸಿ ಕೇಳಿದರು. "ಬೇಕೋ ಬ್ಯಾಡೋ?"

"ಎಲ್ಲಾ ಕಂಪ್ಯೂಟರ್‌ನ್ಯಾಗ ಹೋಗೇತ್ರಿ, ಇನ್ನ ಎದಕ್ಕ?" ಎಂದು ಆನಂದಕುಮಾರನೇ ಉತ್ತರ ಕೊಟ್ಟ. ಹುಲಗೇಶ ತೆರೆಯಿಂದ ಕಣ್ಣು ಕೀಳದೆ ತಲೆಯಾಡಿಸಿದ. ಗುರುಬಾಯಿ ಐದನ್ನೂ ಎತ್ತಿಕೊಂಡು ಅಡುಗೆಮನೆಗೆ ನಡೆದರು.

ಎರಡು ಗಂಟೆಗೆ ಪಕ್ಕದ ರೂಮಿನಿಂದ ಚಂದ್ರಾಮನ ಕೂಗು ಕೇಳಿತು. "ಹುಲಗೇಶಾ, ನಿನ್ನ ಅಕ್ಷರ ಭಾಳ ಚಂದ ಅದಾವಲೇ!"

"ಥ್ಯಾಂಕ್ಸ್," ಎಂದ ಹುಲಗೇಶ. ಅವನಿಗೆ ತಿರುಗಿ ನೋಡಲು ಪುರಸೊತ್ತಿರಲಿಲ್ಲ. ಯಾವುದು ಮುಖ್ಯ, ಯಾವುದು ಅಲ್ಲ ಎಂದು ತೀರ್ಮಾನಿಸಲಾಗದೆ ತಲೆ ಬಿಸಿಯಾಗಿತ್ತು. ಊಟದ ಪೊಟ್ಟಣ ಬಾಗಿಲಿಗೆ ನೇತಾಡುತ್ತಿತ್ತು. ಆಮೇಲೆ ಉಂಡರಾಯಿತು ಎಂದುಕೊಂಡ.

ನಾಲ್ಕಕ್ಕೆ ಅನಾಹುತವಾಯಿತು. ಒಂದು ಪುಟ ಆರಿಸಲು ಹೋದವನ ಬೆರಳು ಎಲ್ಲಿಗೆ ತಾಗಿತೋ, ಇನ್ನೂರ ನಲವತ್ತು ಪುಟಕ್ಕೂ ಒಂದೇ ಏಟಿಗೆ 'ಮುಖ್ಯ' ಅಂಟಿಕೊಂಡಿತು. ಬಿಡಿಸಲು ಹೊತ್ತಿರಲಿಲ್ಲ. 'ಇರಲಿ, ಸರ್ ಹೇಳಿದ್ದೆಲ್ಲ ಮುಖ್ಯವೇ ಅಲ್ಲವೇ' ಎಂದು ಸಮಾಧಾನ ಮಾಡಿಕೊಂಡು, ಲ್ಯಾಪ್‌ಟಾಪ್ ಬಗಲಿಗೆ ಹಾಕಿಕೊಂಡು ಖಾಲಿ ಹೊಟ್ಟೆಯಲ್ಲಿ ಓಡಿದ.

ಪ್ರಹ್ಲಾದ ಸರ್ ಮೊದಲು ಅವನನ್ನೇ ಎಬ್ಬಿಸಿದರು. ಕ್ಲಾಸಿನಲ್ಲಿ ತೆಲುಗಾದರೂ ಕನ್ನಡದ ಹುಡುಗರೊಂದಿಗೆ ಕನ್ನಡವೇ ಆಡುತ್ತಿದ್ದರು.

"ಏಮಯ್ಯಾ ಹುಲಗೇಶ, ಸಿವಿಯಾರಿಟಿ, ಪ್ರಯಾರಿಟಿ ಅಂತ ಎರಡು ಅದಾವು. ಒಂದು ತಪ್ಪು ಎಷ್ಟು ದೊಡ್ಡದು, ಅದನ್ನ ಎಷ್ಟು ಲಗೂನ ಸರಿಮಾಡಬೇಕು, ಇವೆರಡೂ ಬ್ಯಾರೆ ಬ್ಯಾರೆ. ಒಂದು ಉದಾಹರಣೆ ಕೊಡು."

ಹುಲಗೇಶ 'ಮುಖ್ಯ' ಒತ್ತಿದ. ಪುಟಗಳು ಎದ್ದು ಬಂದು ನಿಂತವು, ಇನ್ನೂರ ನಲವತ್ತೂ. ಬೆವರುತ್ತ ಒಂದೊಂದನ್ನೇ ಸರಿಸಿದ. ಹದಿನೇಳನೆಯ ಪುಟ ಬರುವಷ್ಟರಲ್ಲಿ ನಿಮಿಷ ಮುಗಿಯಿತು.

"ಕೂಡು. ಚಂದ್ರಾಮಾ, ನೀನು ಹೇಳು. ಒಂದು ಕಡೆ ರಿಪೇರಿ ಮಾಡಿದ್ರ, ಹಿಂದ ನೋಡಿದ್ದನ್ನೆಲ್ಲ ಮತ್ತ ಯಾಕ ಟೆಸ್ಟ್ ಮಾಡಬೇಕು?"

ಚಂದ್ರಾಮ ಬರಿಗೈಯಲ್ಲಿ ಎದ್ದು ನಿಂತ. "ಮನ್ಯಾಗ ಒಂದು ನಳ ರಿಪೇರಿ ಮಾಡಿದ್ರ, ಉಳಿದ ನಳದಾಗ ನೀರು ಬರ್ತಾವೋ ಇಲ್ಲೋ ನೋಡಬೇಕಲ್ರಿ ಸರ್. ಒಂದನ್ನ ಸರಿ ಮಾಡಾಕ ಹೋಗಿ ಇನ್ನೊಂದನ್ನ ಕೆಡಿಸಿರಬಹುದು."

ಸರ್ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ಶಭಾಷ್! ಇದನ್ನ ಯಾವಾಗ ಓದಿದೆಪಾ?"

"ಉಣ್ಣುವಾಗ ಓದಿದೆ ಸರ್. ರೊಟ್ಟಿ ಕಟ್ಟಿದ ಕಾಗದದಾಗ ಬರೆದಿತ್ತು. ಓದಾಕ ಬ್ಯಾರೆ ಏನೂ ಇರಲಿಲ್ಲ." ಅವನು ಕಿಸೆಯಿಂದ ಎಣ್ಣೆ ಹತ್ತಿದ ಹಾಳೆಯೊಂದನ್ನು ತೆಗೆದು ಕೊಟ್ಟ.

ಸರ್ ಅದನ್ನು ಬೆಳಕಿಗೆ ಹಿಡಿದು ಓದಿದರು. "ಇಷ್ಟು ಚಂದ ಯಾರು ಬರದಾರೋ?"

ಹುಲಗೇಶ ಮೆಲ್ಲಗೆ ಎದ್ದ. ಅಕ್ಷರ ನೋಡಿ ಅವನಿಗೆ ಅಳು ಬಂದಿತ್ತು. "ನಾನ್ರಿ ಸರ್."

"ಹಂಗಾರ ನೀನ್ಯಾಕ ಓದಲಿಲ್ಲ?"

"ಜೋಡಸಾಕತ್ತಿದ್ದೆ ಸರ್."

ಬೇಗಂಪೇಟೆಗೆ ಚಂದ್ರಾಮನ ಹೆಸರು ಹೋಯಿತು. ಹೆಸರು ಬರೆದುಕೊಡಲು ಸರ್ ಕೈಯಲ್ಲಿ ಪೆನ್ನಿರಲಿಲ್ಲ. ಹುಲಗೇಶನೇ ಕೊಟ್ಟ.

ಹಾಸ್ಟೆಲಿಗೆ ಬಂದಾಗ ಪೊಟ್ಟಣ ಇನ್ನೂ ಬಾಗಿಲಿಗೇ ನೇತಾಡುತ್ತಿತ್ತು. ಹಸಿವಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಹೊಸ್ತಿಲ ಮೇಲೆ ಕುಳಿತು ದಾರ ಬಿಚ್ಚಿದ. ಒಣಗಿ ಸೆಟೆದ ರೊಟ್ಟಿಗಳ ಸುತ್ತ ಅವನದೇ ಹಾಳೆ, ಅದರ ಮೇಲೆ ಅವನದೇ ಕೆಂಪು ಶಾಯಿ: 'ಸಿವಿಯಾರಿಟಿ, ಪ್ರಯಾರಿಟಿ. ಉದಾಹರಣೆ: ಬೋರ್ಡಿನಲ್ಲಿ ಕಂಪನಿಯ ಹೆಸರೇ ತಪ್ಪಿದ್ದರೆ ಕಟ್ಟಡ ಬೀಳುವುದಿಲ್ಲ, ಆದರೆ ಮೊದಲು ಸರಿಮಾಡಬೇಕಾದದ್ದು ಅದನ್ನೇ. ಸರ್ ಇದನ್ನು ಕೇಳಿಯೇ ಕೇಳುತ್ತಾರೆ.'

ಹಾಳೆ ಹಿಡಿದುಕೊಂಡು ಹುಲಗೇಶ, ಅಡುಗೆಮನೆಯಿಂದ ಬಂದ ಗುರುಬಾಯಿಯ ಮುಖ ನೋಡಿದ.

"ನನ್ನ ಯಾಕ ನೋಡ್ತೀದಿ?" ಎಂದರು ಗುರುಬಾಯಿ. "ಮುಖ್ಯ ಇದ್ದದ್ದು ಮುಂದ ಇಡಬೇಕಂತ ಹೇಳಿದ್ನಲ್ಲಪಾ. ನಾ ಅಂತೂ ಬಾಗಿಲಿಗೇ ಕಟ್ಟಿ ಹೋಗಿದ್ದೆ."