ಟೈಫಾಯ್ಡ್, ಅತ್ತೆ ಮತ್ತು ಹಳೇ ಧಾರಾವಾಹಿ

ನನ್ನ ಬದುಕಿನಲ್ಲಿ ಯಾವುದೂ ನೆಟ್ಟಗೆ ನಡೆದದ್ದಿಲ್ಲ. ಜ್ವರ ಬಂದರೂ ಜೊತೆಗೆ ಒಂದು ಗೊಂದಲವನ್ನು ಕರೆದುಕೊಂಡೇ ಬರುತ್ತದೆ. ಈ ಸಲ ಟೈಫಾಯ್ಡ್. ಬಟವಾಡಿಯ ಬಾಡಿಗೆ ಮನೆಯಲ್ಲಿ ಮೂರು ವಾರ ಮಂಚ. ಆರೈಕೆಗೆಂದು ಗುಬ್ಬಿಯಿಂದ ಅತ್ತೆ ಬಂದರು. ಮದುವೆಯಾಗಿ ಹನ್ನೆರಡು ವರ್ಷವಾದರೂ "ಊಟ ಆಯ್ತಾ" ಎನ್ನುವುದರ ಆಚೆಗೆ ಅವರು ನನ್ನೊಡನೆ ಮಾತಾಡಿದವರಲ್ಲ. ಈ ಜ್ವರದ ನೆಪದಲ್ಲಾದರೂ ಅವರಿಗೆ ನಾನು ಬೇಕಾದವನಾಗಬೇಕು ಎಂಬ ಆಸೆ ನನಗಿತ್ತು.

ಓದು ಬೇಡ, ಮಾತು ಬೇಡ ಎಂದಿದ್ದರು ಡಾಕ್ಟರು. ಕಾಲೇಜು ದಿನಗಳಲ್ಲಿ ನೋಡಿದ್ದ ಧಾರಾವಾಹಿಯೊಂದನ್ನು ಟಿವಿಯಲ್ಲಿ ಮೊದಲಿಂದ ಹಾಕಿಸಿಕೊಂಡೆ. ಅದರ ಹಾಡು ಶುರುವಾದರೆ ಸಾಕು, ಮೈ ಹಗುರಾಗುತ್ತಿತ್ತು. ಅತ್ತೆಯೂ ಬಂದು ಮಂಚದ ಪಕ್ಕ ಕೂತರು.

ಬ್ರೆಡ್ಡು

ಕುಣಿಗಲ್ಲಿನ ದೊಡ್ಡಪ್ಪ ಬ್ರೆಡ್ಡು, ಎಳನೀರು ಹಿಡಿದು ನನ್ನನ್ನು ನೋಡಲು ಬಂದರು. ನನಗೆ ಬೆನ್ನು ಹಾಕಿ ಟಿವಿ ಮುಂದೆ ಕೂತರು. ನಾಲ್ಕು ಕಂತು ಮುಗಿಯುವುದರೊಳಗೆ ಬ್ರೆಡ್ಡನ್ನು ಕಾಫಿಗೆ ಅದ್ದಿ ತಿಂದು, ಎಳನೀರನ್ನೂ ಕುಡಿದರು.

"ನಿಂಗೆ ಬಾಯಿ ಕೆಟ್ಟಿರ್ತದೆ, ಬುಡು" ಎಂದು ಎದ್ದವರು ಬಾಗಿಲಲ್ಲಿ ನಿಂತು ಹೇಳಿದರು: "ನಾಳೆನೂ ಬತ್ತೀನಿ. ಹುಷಾರಾಗಕ್ಕೆ ಆತುರ ಪಡಬ್ಯಾಡ ಕಣ್ಲಾ."

ವಾರಿಜ

ಹೆಂಡತಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ನನಗೆ ತಾರೀಕು, ವಾರ ಎಲ್ಲ ಮರೆತು ಕಂತುಗಳಷ್ಟೇ ನೆನಪಿದ್ದವು.

"ನಿದ್ದೆ ಚೆನ್ನಾಗಿ ಬರ್ತಿದೆಯಾ?" ಡಾಕ್ಟರು ಕೇಳಿದರು.

"ವಾರಿಜ ಮನೆ ಬಿಟ್ಟೋದಾಗಿಂದ ಸರಿಯಾಗಿ ಬರ್ತಿಲ್ಲ ಸಾರ್."

ವಾರಿಜ ಧಾರಾವಾಹಿಯ ನಾಯಕಿ ಎಂದು ಅವರಿಗೇನು ಗೊತ್ತು? ಪಕ್ಕದಲ್ಲಿದ್ದ ನನ್ನ ಹೆಂಡತಿಯನ್ನೊಮ್ಮೆ ನೋಡಿ ಸ್ವರ ತಗ್ಗಿಸಿದರು. "ಇದನ್ನ ಒಬ್ರೇ ಬಂದಾಗ ಹೇಳ್ಬಾರ್ದಿತ್ತಾ?"

ಹರಕೆ

ವಾರಿಜಳಿಗೆ ಆಕ್ಸಿಡೆಂಟಾಗಿ ಅವಳು ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ ದಿನಗಳಲ್ಲೇ ನನ್ನ ಜ್ವರವೂ ಮತ್ತೆ ಏರಿತು. ಅತ್ತೆ ಸೋಮವಾರ ಒಪ್ಪೊತ್ತು ಶುರುಮಾಡಿದರು. ಯಾಕೆಂದು ಕೇಳಿದ್ದಕ್ಕೆ, "ಹುಷಾರಾದ್ರೆ ಮನೆದೇವ್ರಿಗೆ ಹಣ್ಣುಕಾಯಿ ಮಾಡುಸ್ತೀನಿ ಅಂತ ಹರಸ್ಕಂಡಿದೀನಿ" ಎಂದರು. ನನ್ನ ಕಣ್ಣು ತುಂಬಿ ಬಂತು. ಇಂಥ ಅತ್ತೆಯನ್ನು ಹನ್ನೆರಡು ವರ್ಷ ತಪ್ಪು ತಿಳಿದಿದ್ದೆನಲ್ಲ ಎಂದು ಬೇಜಾರಾಯಿತು.

ಮೂರನೇ ವಾರ ವಾರಿಜ ಕಣ್ಣು ಬಿಟ್ಟಳು. ನನ್ನ ಜ್ವರವೂ ಬಿಟ್ಟಿತು. ಅತ್ತೆ ನನ್ನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಗುಬ್ಬಿಯ ದೇವಸ್ಥಾನಕ್ಕೆ ಹೊರಟರು. ಹಣ್ಣುಕಾಯಿ ತಟ್ಟೆ ಪೂಜಾರಿಯ ಕೈಗೆ ಹೋಯಿತು. ನಾನು ಕೈ ಮುಗಿದು ಮುಂದೆ ನಿಂತೆ.

"ಯಾರ ಹೆಸರಿಗೆ ಅರ್ಚನೆ?"

"ವಾರಿಜ" ಎಂದರು ಅತ್ತೆ.

ನಾನು ತಿರುಗಿ ನೋಡಿದೆ. ಅವರ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ.

"ನಿಮ್ಮನ್ನ ನೋಡ್ಕಳಕ್ಕೆ ಮನೆ ತುಂಬ ಜನ ಇದೀವಿ ಅಳಿಯಂದ್ರೆ. ಪಾಪ, ಆ ಮಗೀಗೆ ಯಾರವ್ರೆ?"

"ನಕ್ಷತ್ರ?" ಎಂದರು ಪೂಜಾರಿ.

ಅತ್ತೆ ತಬ್ಬಿಬ್ಬಾಗಿ ನನ್ನ ಮುಖ ನೋಡಿದರು. ನಾನು ನನ್ನ ನಕ್ಷತ್ರವನ್ನೇ ಹೇಳಿಬಿಟ್ಟೆ.